ಡೇಟಾಬೇಸ್ ‘ಓಪನ್ ಸೋರ್ಸ್’ ಆದರೆ ನಿಮ್ಮ ಉತಾರವನ್ನು ಯಾರು ಬೇಕಾದರೂ ತಿದ್ದಬಹುದೇ?

ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಬೆಳೆಸಾಲಕ್ಕೆಂದು ಬ್ಯಾಂಕಿಗೆ ಹೊರಟ ರೈತರು ಮೊದಲು ಹೊಂದಿಸಿಕೊಳ್ಳುವ ಕಾಗದ ಉತಾರ. ಬೇರೆ ಕಡೆ ಇದನ್ನೇ ಪಹಣಿ ಎನ್ನುತ್ತಾರೆ. ಒಂದು ಕಾಲಕ್ಕೆ ತಲಾಟಿಯವರ ದಪ್ಪ ವಹಿಯಲ್ಲಿದ್ದ ಈ ದಾಖಲೆ ಈಗ ಸರ್ಕಾರದ ಕಂಪ್ಯೂಟರಿನಲ್ಲಿದೆ. ಹೀಗಿರುವಾಗ ‘ಸರ್ಕಾರ ನಮ್ಮ ದಾಖಲೆಗಳನ್ನು ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಇಟ್ಟಿದೆ, ಅದರ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ನಿಮ್ಮ ಹೆಸರು ಅಳಿಸಬಹುದು’ ಎಂಬರ್ಥದ ಸಂದೇಶ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಹೊಲ ಇದ್ದವರ ಎದೆ ಧಸಕ್ಕೆನ್ನುವುದು ಸಹಜ.

ಇದರಲ್ಲಿ ನಿಜ ಎಷ್ಟು? ಓಪನ್ ಸೋರ್ಸ್ ಸಾಫ್ಟ್‌ವೇರಿನ ಕೋಡ್ ಎಲ್ಲರಿಗೂ ತೆರೆದಿರುತ್ತದೆ ಎಂಬುದು ನಿಜ. ಅದರಿಂದ ನಿಮ್ಮ ಮಾಹಿತಿಯೂ ತೆರೆದುಕೊಳ್ಳುತ್ತದೆ ಎಂಬುದು ಸುಳ್ಳು. ಎರಡರ ನಡುವಿನ ವ್ಯತ್ಯಾಸವನ್ನು ನೋಡೋಣ.

ಡೇಟಾಬೇಸ್ ಎಂದರೇನು?

ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಟ್ಟು, ಕೇಳಿದಾಗ ಹುಡುಕಿ ಕೊಡುವ ವ್ಯವಸ್ಥೆಯೇ ಡೇಟಾಬೇಸ್. ಒಂದು ಕೋಷ್ಟಕದಲ್ಲಿ ಊರುಗಳು, ಇನ್ನೊಂದರಲ್ಲಿ ಸರ್ವೆ ನಂಬರುಗಳು, ಮತ್ತೊಂದರಲ್ಲಿ ಮಾಲೀಕರು ಎಂದಿಟ್ಟುಕೊಳ್ಳಿ. ಸಾವಳಗಿಯ ಒಂದು ಸರ್ವೆ ನಂಬರ್ ಹಾಕಿದರೆ ಮೂರೂ ಕೋಷ್ಟಕಗಳ ನಂಟು ಹಿಡಿದು ಉತ್ತರ ಬರುತ್ತದೆ. ಹೀಗೆ ಕೋಷ್ಟಕಗಳಲ್ಲಿ ಮಾಹಿತಿ ಇಡುವುದಕ್ಕೆ ‘ರಿಲೇಷನಲ್’ ಡೇಟಾಬೇಸ್ ಎಂದು ಹೆಸರು. ಈ ವಿಧಾನವನ್ನು 1970ರಲ್ಲಿ ಮುಂದಿಟ್ಟವರು ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್.

ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಭೂಮಿ ಯೋಜನೆ. 2000ದ ದಶಕದ ಆರಂಭದಲ್ಲಿ, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಲಾಯಿತು. ಆಗ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು.

ಡೇಟಾಬೇಸಿನ ಇನ್ನೊಂದು ಗುಣ ಹೊಲದ ವಾಟ್ನಿಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ಎಕರೆ ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಎರಡೆರಡು ಎಕರೆ ಆಗಬೇಕು. ತಂದೆಯ ಹೆಸರು ತೆಗೆದು, ಅಣ್ಣನ ಹೆಸರು ಸೇರಿಸಿ, ತಮ್ಮನ ಹೆಸರು ಸೇರಿಸುವ ಮುಂಚೆ ಕರೆಂಟ್ ಹೋದರೆ? ಒಳ್ಳೆಯ ಡೇಟಾಬೇಸ್ ಈ ಮೂರೂ ಕೆಲಸಗಳನ್ನು ಒಂದೇ ಗಂಟು ಎಂದು ನೋಡುತ್ತದೆ. ಆದರೆ ಮೂರೂ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು. ಅರ್ಧಕ್ಕೆ ನಿಂತದ್ದನ್ನು ಅದೇ ಹಿಂದಿನ ಸ್ಥಿತಿಗೆ ತಂದುಬಿಡುತ್ತದೆ. ಇದಕ್ಕೆ ‘ಟ್ರಾನ್ಸಾಕ್ಷನ್’ ಎನ್ನುತ್ತಾರೆ. ಬ್ಯಾಂಕಿನ ಲೆಕ್ಕಗಳು ನಿಂತಿರುವುದೂ ಇದರ ಮೇಲೆಯೇ.

ತೆರೆದಿರುವುದು ಏನು?

ಮಗ್ಗ ಹೇಗೆ ನಡೆಯುತ್ತದೆ ಎಂಬುದು ರಬಕವಿ-ಬನಹಟ್ಟಿಯ ಓಣಿ ಓಣಿಗೂ ಗೊತ್ತು. ಹಾಗೆಂದು ನೇಕಾರರ ಮನೆಯೊಳಗಿನ ಸೀರೆ ಊರವರದ್ದಾಗುವುದಿಲ್ಲ. ಓಪನ್ ಸೋರ್ಸ್ ಕೂಡ ಹಾಗೆಯೇ. ಡೇಟಾಬೇಸ್ ಎಂಬ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ತಮ್ಮಲ್ಲಿ ಬಳಸಬಹುದು. ಒಂದು ಕಚೇರಿ ಆ ಯಂತ್ರದೊಳಗೆ ತುಂಬಿದ ಮಾಹಿತಿಗೂ ಇದಕ್ಕೂ ಸಂಬಂಧವಿಲ್ಲ.

ಇಂಥ ಡೇಟಾಬೇಸ್‌ಗಳಲ್ಲಿ ಮೂರು ಹೆಸರುಗಳು ಮುಖ್ಯ. ಪೋಸ್ಟ್‌ಗ್ರೆಸ್‌ಕ್ಯೂಎಲ್ 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಯೋಜನೆಯಿಂದ ಬಂದದ್ದು. ಮೈಎಸ್‌ಕ್ಯೂಎಲ್ 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. 2010ರಲ್ಲಿ ಅದು ಒರಾಕಲ್ ಕಂಪನಿಯ ಕೈಸೇರಿತು. ಕೋಡ್ ತೆರೆದೇ ಇದ್ದುದರಿಂದ ಅದರ ಮೂಲ ಕರ್ತೃಗಳಲ್ಲೊಬ್ಬರು ಅದೇ ಕೋಡಿನಿಂದ ಮರಿಯಾಡಿಬಿ ಎಂಬ ಇನ್ನೊಂದು ಕವಲು ತೆಗೆದರು. ಮೂರನೆಯದು 2000ದಲ್ಲಿ ಬಂದ ಎಸ್‌ಕ್ಯೂಲೈಟ್. ಅದು ಈಗ ನಿಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳು ಜಮೆಯಾಗುವುದು ಎಸ್‌ಕ್ಯೂಲೈಟ್ ಕಡತದಲ್ಲಿ. ಅಂದರೆ ‘ಓಪನ್ ಸೋರ್ಸ್ ಅಪಾಯ’ ಎನ್ನುವ ಫಾರ್ವರ್ಡ್ ಕೂಡ ಓಪನ್ ಸೋರ್ಸ್ ಡೇಟಾಬೇಸಿನಲ್ಲೇ ಕುಳಿತಿರುತ್ತದೆ!

ಆಧಾರ್ ವ್ಯವಸ್ಥೆ ಬಳಸಿಕೊಂಡ ತಂತ್ರಾಂಶಗಳಲ್ಲಿ ಮೈಎಸ್‌ಕ್ಯೂಎಲ್ ಕೂಡ ಒಂದು. ಸರ್ಕಾರಿ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ನೀತಿಯನ್ನೇ ತಂದಿತು. ಕನ್ನಡ ವಿಕಿಪೀಡಿಯಾ ಮರಿಯಾಡಿಬಿ ಮೇಲೆ ನಡೆಯುತ್ತದೆ. ವಿ. ಕೃಷ್ಣ ಅವರು ನಾಲ್ಕು ದಶಕ ದುಡಿದು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಅಂತರ್ಜಾಲದಲ್ಲಿ ಸಿಗುವುದು ಪೋಸ್ಟ್‌ಗ್ರೆಸ್ ಬಳಸುವ ತಂತ್ರಾಂಶದಿಂದ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿಕಿಪೀಡಿಯಾ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ಕಾರಣ ಮರಿಯಾಡಿಬಿ ಅಲ್ಲ, ಹಾಗೆ ತಿದ್ದಲು ಬಿಡಬೇಕು ಎಂಬುದು ವಿಕಿಪೀಡಿಯಾದ ನಿಯಮ. ಅದೇ ಡೇಟಾಬೇಸಿನಲ್ಲಿ ಯಾರಿಗೂ ತಿದ್ದಲಾಗದ ವ್ಯವಸ್ಥೆಯನ್ನೂ ಕಟ್ಟಬಹುದು.

ಹಾಗಾದರೆ ತಿದ್ದುವ ಅಧಿಕಾರ ಯಾರಿಗೆ?

ಅದನ್ನು ನಿರ್ಧರಿಸುವವರು ಡೇಟಾಬೇಸ್ ನಿರ್ವಾಹಕರು. ಯಾರು ನೋಡಬಹುದು, ಯಾರು ಸೇರಿಸಬಹುದು, ಯಾರು ಅಳಿಸಬಹುದು ಎಂದು ಒಬ್ಬೊಬ್ಬ ಬಳಕೆದಾರರಿಗೆ ಬೇರೆ ಬೇರೆ ಅನುಮತಿ ಕೊಡುತ್ತಾರೆ. ಸರ್ವೆ ನಂಬರ್ ಹಾಕಿ ಯಾರದೇ ಪಹಣಿಯನ್ನು ನೀವು ಭೂಮಿ ಜಾಲತಾಣದಲ್ಲಿ ನೋಡಬಹುದು, ಏಕೆಂದರೆ ಅದು ಸಾರ್ವಜನಿಕ ದಾಖಲೆ. ಆದರೆ ನೋಡಲು ಸಿಕ್ಕಿದ್ದು ತಿದ್ದಲು ಸಿಗುವುದಿಲ್ಲ. ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ಏರ್ಪಾಡು ಭೂಮಿಯಲ್ಲಿ ಆರಂಭದಲ್ಲೇ ಬಂತು. ಯಾವ ಬದಲಾವಣೆ ಯಾರಿಂದ ಆಯಿತು ಎಂದು ಗುರುತು ಹಿಡಿಯಲು ಇದು ಬೇಕು.

ಅಪಾಯ ಇಲ್ಲವೇ ಇಲ್ಲ ಎನ್ನಬಹುದೇ?

ಇಲ್ಲ, ಹಾಗೆ ಹೇಳಿದರೆ ಅದೂ ಇನ್ನೊಂದು ಸುಳ್ಳು ಫಾರ್ವರ್ಡ್ ಆಗುತ್ತದೆ. ಅಪಾಯ ಇದೆ, ಆದರೆ ಅದು ಇರುವ ಜಾಗ ಬೇರೆ.

ಮೊದಲನೆಯದು ನಿರ್ವಹಣೆಯ ಲೋಪ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟರು. ಅಸಲಿ ಡೇಟಾಬೇಸೇ ಅಳಿಸಿಹೋಯಿತು. ಬ್ಯಾಕಪ್‌ನಿಂದ ತರೋಣವೆಂದರೆ ಅದು ಸರಿಯಾಗಿ ನಡೆಯುತ್ತಲೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ನಕಲು ಉಳಿದಿತ್ತು. ಪೋಸ್ಟ್‌ಗ್ರೆಸ್ ಇಲ್ಲಿ ಕೆಟ್ಟಿರಲಿಲ್ಲ. ಬ್ಯಾಕಪ್ ಇದೆ ಎಂದು ನಂಬಿದ್ದರು, ಅದನ್ನು ತೆರೆದು ನೋಡಿರಲಿಲ್ಲ.

ಎರಡನೆಯದು ಜಾಲತಾಣ ಕಟ್ಟುವವರ ಅಜಾಗರೂಕತೆ. ಸರ್ವೆ ನಂಬರ್ ಬರೆಯಬೇಕಾದ ಜಾಗದಲ್ಲಿ ಕಿಡಿಗೇಡಿಯೊಬ್ಬ ಡೇಟಾಬೇಸ್‌ಗೆ ಕೊಡುವ ಆದೇಶವನ್ನೇ ಬರೆದರೆ, ಅದನ್ನು ಪರೀಕ್ಷಿಸದೆ ಒಳಗೆ ಬಿಡುವ ಪ್ರೋಗ್ರಾಂ ಮೋಸಹೋಗುತ್ತದೆ. ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂಬ ಈ ದಾಳಿ ದುಡ್ಡು ಕೊಟ್ಟು ತಂದ ಡೇಟಾಬೇಸಿನ ಮೇಲೂ ನಡೆಯುತ್ತದೆ.

ಮೂರನೆಯದು ತೆರೆದ ಕೋಡಿನೊಳಗೇ ಯಾರೋ ಕಳ್ಳದಾರಿ ಕೊರೆಯುವುದು. 2024ರಲ್ಲಿ ‘ಎಕ್ಸ್‌ಝಡ್’ ಎಂಬ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಹೀಗಾಯಿತು. ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಅಭಿವೃದ್ಧಿಪಡಿಸುವ ಆಂಡ್ರೆಸ್ ಫ್ರೂಂಡ್. ಕಂಪ್ಯೂಟರಿಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬ ಸಣ್ಣ ಅನುಮಾನದಿಂದ ಹುಡುಕುತ್ತಾ ಹೋಗಿ ಅವರು ಕಳ್ಳದಾರಿ ಪತ್ತೆಹಚ್ಚಿದರು. ಕೋಡ್ ತೆರೆದಿದ್ದರೆ ಕಳ್ಳನೂ ಓದಬಲ್ಲ, ಕಾವಲುಗಾರನೂ ಓದಬಲ್ಲ. ಯಾರೂ ಓದದೇ ಬಿಟ್ಟರೆ ಮಾತ್ರ ತೆರೆದಿದ್ದೂ ಪ್ರಯೋಜನವಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶಗಳನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೆದರಿದವರನ್ನು ಮೋಸಗೊಳಿಸುವುದು ಸುಲಭ. ‘ನಿಮ್ಮ ಉತಾರ ಲಾಕ್ ಮಾಡಿಕೊಡುತ್ತೇವೆ, ಓಟಿಪಿ ಹೇಳಿ’ ಎಂದು ಫೋನ್ ಬಂದರೆ, ಆಗಲೇ ಹೆದರಿರುವ ಮನಸ್ಸು ಹೇಳಿಯೇಬಿಡುತ್ತದೆ. ಯಾವ ಡೇಟಾಬೇಸ್ ಆದರೂ, ನೀವೇ ಓಟಿಪಿ ಕೊಟ್ಟ ಮೇಲೆ ನಿಮ್ಮನ್ನು ಕಾಯಲಾರದು.

ಅನುಮಾನ ಬಂದರೆ ಸಂದೇಶ ಹಂಚುವ ಬದಲು ಭೂಮಿ ಜಾಲತಾಣದಲ್ಲಿ ಅಥವಾ ಹತ್ತಿರದ ನಾಡಕಚೇರಿಯಲ್ಲಿ ನಿಮ್ಮ ಉತಾರ ನೋಡಿ. ಹೆಸರು, ಸರ್ವೆ ನಂಬರ್, ಕ್ಷೇತ್ರ, ಸಾಲದ ನಮೂದು ಸರಿಯಿವೆಯೇ ಎಂದು ಪರಿಶೀಲಿಸಿ. ವರ್ಷಕ್ಕೊಮ್ಮೆಯಾದರೂ ಹೀಗೆ ಮಾಡಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಅದು ನಿಮ್ಮದೇ ಬ್ಯಾಕಪ್. ತಪ್ಪು ಕಂಡರೆ ತಹಶೀಲ್ದಾರ್ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆನ್‌ಲೈನಿನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸರ್ಕಾರವನ್ನು ಪ್ರಶ್ನಿಸುವುದಿದ್ದರೆ ‘ಪುಕ್ಕಟೆ ಸಾಫ್ಟ್‌ವೇರ್ ಏಕೆ ಹಾಕಿದಿರಿ’ ಎಂದು ಕೇಳಿ ಪ್ರಯೋಜನವಿಲ್ಲ. ನಮ್ಮ ದಾಖಲೆ ತಿದ್ದುವ ಅಧಿಕಾರ ಯಾರ್‍ಯಾರಿಗಿದೆ, ತಿದ್ದಿದ್ದರ ಲೆಕ್ಕ ಉಳಿಯುತ್ತದೆಯೇ, ಬ್ಯಾಕಪ್ ತೆರೆದು ಪರೀಕ್ಷಿಸಿ ಎಷ್ಟು ದಿನವಾಯಿತು ಎಂದು ಕೇಳಿ. ನಿಮ್ಮ ಹೊಲದ ದಾಖಲೆ ಭದ್ರವಾಗಿದೆಯೇ ಎಂಬುದು ತಿಳಿಯುವುದು ಆ ಉತ್ತರಗಳಿಂದ.