ಗಂಟೆಯ ಲೆಕ್ಕವೂ ತಕ್ಕಡಿಯ ಮುಳ್ಳೂ

ಕೃತಕ ಬುದ್ಧಿಮತ್ತೆಯಿಂದ ಸಾಫ್ಟ್‌ವೇರ್ ಕಂಪನಿಗೂ ಲಾಭ, ಅದರ ಗಿರಾಕಿಗೂ ಲಾಭ ಎಂಬ ಮಾತು ಈಗ ಶಿವಮೊಗ್ಗದ ಗಾಂಧಿ ಬಜಾರಿನಿಂದ ಭದ್ರಾವತಿಯವರೆಗೆ ಕೇಳಿಬರುತ್ತಿದೆ. ಬಸದಿಯ ಟ್ರಸ್ಟುಗಳಿಗೂ ಇಂಥ ತಂತ್ರಾಂಶವನ್ನು ಮಾರಲು ಬರುವವರಿದ್ದಾರೆ. ಕೊಡುವವನಿಗೂ ಕೊಳ್ಳುವವನಿಗೂ ಏಕಕಾಲಕ್ಕೆ ಲಾಭವೆಂಬ ಈ ವಾದವನ್ನು ವ್ಯಾಪಾರಿಗಳಾದ ಶ್ರಾವಕರು ಖಾತೆ ನೋಡದೆ ಒಪ್ಪುವುದು ತರವಲ್ಲ.

ಇನ್ಫೋಸಿಸ್ ಸಂಸ್ಥೆಯು 2023ರ ಮೇ ತಿಂಗಳಿನಲ್ಲಿ 'ಟೋಪಾಜ್' ಎಂಬ ಹೆಸರಿನಿಂದ ಈ ಸೇವೆಯನ್ನು ಆರಂಭಿಸಿತು. 2022-23ರಲ್ಲಿ ಶೇಕಡಾ 21ರಷ್ಟಿದ್ದ ಅದರ ನಿರ್ವಹಣಾ ಲಾಭದ ಪ್ರಮಾಣವು 2024-25ರಲ್ಲಿ 21.1. ಈ ಗದ್ದಲವೇ ಇಲ್ಲದಿದ್ದ 2020-21ರಲ್ಲಿ ಅದು 24.5 ಆಗಿತ್ತು. (ಕೋವಿಡ್ ಕಾಲದಲ್ಲಿ ಉಳಿದ ಪ್ರಯಾಣವೆಚ್ಚವೂ ಅದರಲ್ಲಿ ಸೇರಿತ್ತೆಂಬುದನ್ನು ಮರೆಯಲಾಗದು.) ಲಾಭ ಮಾಡಿದವರು ಬೇರೆಯವರು. ಯಂತ್ರಕ್ಕೆ ಬೇಕಾದ ಚಿಪ್ಪುಗಳನ್ನು ಮಾರುವ ಅಮೆರಿಕದ ಎನ್ವಿಡಿಯಾ, 2025ರ ಜನವರಿಗೆ ಮುಗಿದ ವರ್ಷದಲ್ಲಿ ಸುಮಾರು 130 ಶತಕೋಟಿ ಡಾಲರ್ ವಹಿವಾಟಿನ ಮೇಲೆ ಸುಮಾರು 73 ಶತಕೋಟಿ ನಿವ್ವಳ ಲಾಭ ಗಳಿಸಿತು!

ಕಾರಣ ಸರಳ. ನಮ್ಮ ಕಂಪನಿಗಳು ಬಹುಮಟ್ಟಿಗೆ ಮಾರುವುದು ನೌಕರರ ಗಂಟೆಗಳನ್ನು. ಹತ್ತು ಗಂಟೆಯ ಕೆಲಸ ಆರು ಗಂಟೆಯಲ್ಲಿ ಮುಗಿಯುವುದೆಂದು ತಿಳಿದ ಗಿರಾಕಿಯು ಆರಕ್ಕೇ ಹಣ ಕೊಡುತ್ತೇನೆನ್ನುವನು. ಆಗ ಉಳಿತಾಯವು ಅವನ ಪಾಲು. ತಿಳಿಸದೆ ಹತ್ತು ಗಂಟೆಯ ಬಿಲ್ಲು ಬರೆದರೆ ಲಾಭ ಕಂಪನಿಯದು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ಹೀನಾಧಿಕ ಮಾನೋನ್ಮಾನ'ವನ್ನು ಎಣಿಸಿರುವುದು ಕಲ್ಲಿನ ತೂಕಕ್ಕೆ ಮಾತ್ರವೇ? ಗಂಟೆಯೂ ಒಂದು ಮಾನವೇ. ಯಂತ್ರದ ಕರಡನ್ನು ನುರಿತ ತಜ್ಞನ ಕೆಲಸವೆಂದು ಮಾರುವುದು 'ಪ್ರತಿರೂಪಕ ವ್ಯವಹಾರ'. ರಾಶಿ ಅಡಿಕೆಯಲ್ಲಿ ಗೊರಬಲು ಬೆರೆಸಿದವನನ್ನು ನಮ್ಮ ಮಂಡಿಯಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ಶಿವಮೊಗ್ಗದವರಿಗೆ ಹೇಳಬೇಕಾಗಿಲ್ಲ.

ಗಿರಾಕಿಯ ಲಾಭವೂ ಅಷ್ಟು ನಿಶ್ಚಿತವಲ್ಲ. ಈ ಯಂತ್ರವು ತಪ್ಪನ್ನೂ ಸರಿಯಾದುದರಷ್ಟೇ ನಿರರ್ಗಳವಾಗಿ ಬರೆಯುತ್ತದೆ. ಜಿ.ಎಸ್.ಟಿ. ವಿವರ ತಪ್ಪಿದರೆ ದಂಡ ತೆರುವವನು ಅಂಗಡಿಯವನೇ ಹೊರತು ತಂತ್ರಾಂಶವಲ್ಲ. ಆಹಾರದಾನಕ್ಕೆಂದು ಬಂದ ಹಣವು ಜೀರ್ಣೋದ್ಧಾರದ ಖಾತೆಗೆ ಬಿದ್ದರೆ ದಾನಿಯ ಸಂಕಲ್ಪಕ್ಕೇ ಭಂಗ. ಆದ್ದರಿಂದ ಪರಿಶೀಲಿಸಲು ಬಲ್ಲವನೊಬ್ಬ ಬೇಕೇ ಬೇಕು. ಅವನ ಸಂಬಳವನ್ನು ಮಾರಾಟಗಾರನ ಲಾಭದ ಪಟ್ಟಿ ತೋರಿಸುವುದಿಲ್ಲ. ಮಿತವಾದ, ತಾಳೆ ನೋಡಬಹುದಾದ ಕೆಲಸಗಳಲ್ಲಿ ಉಪಯೋಗವಿದೆ, ಅದನ್ನು ಅಲ್ಲಗಳೆಯುವುದಿಲ್ಲ.

ಯಂತ್ರ ಬಂದಾಗಲೆಲ್ಲ ಸಂಪತ್ತು ಬೆಳೆಯಿತಲ್ಲವೇ ಎನ್ನುವವರು ಭದ್ರಾವತಿಯತ್ತ ನೋಡಲಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕುಲುಮೆ ಹೊಸತೇ. ಆದರೂ ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದು ನಷ್ಟವೇ ಎದುರಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತದ ಹೊಣೆ ಹೊತ್ತ ಮೇಲೆಯೇ ಅದು ಸರಿದಾರಿಗೆ ಬಂದುದು. ಅದೇ ಊರಿನ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತುದು ಯಂತ್ರಗಳಿಲ್ಲದೆ ಅಲ್ಲ.

ಇನ್ನು ನೌಕರರು. 2025ರ ಜುಲೈಯಲ್ಲಿ ಟಿ.ಸಿ.ಎಸ್. ಸಂಸ್ಥೆಯು ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇದಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲವೆಂದು ಸಂಸ್ಥೆಯೇ ಹೇಳಿದೆ, ಇರಲಿ. ಆದರೆ ಯಂತ್ರದ ಹೆಸರಿನಲ್ಲಿ ಇಬ್ಬರ ಹೊರೆಯನ್ನು ಒಬ್ಬನ ಮೇಲೆ ಹೊರಿಸಿ, ಇನ್ನೊಬ್ಬನ ಅನ್ನ ಕಳೆಯುವ ಯಾವ ಸಂಸ್ಥೆಯೇ ಆಗಲಿ, ಅದರ ಲಾಭದಲ್ಲಿ 'ಅತಿಭಾರಾರೋಪಣ'ವೂ 'ಅನ್ನಪಾನನಿರೋಧ'ವೂ ಸೇರಿಲ್ಲವೆಂದು ಯಾರು ಹೇಳಬಲ್ಲರು? ಇವು ಅಹಿಂಸಾಣುವ್ರತದ ಅತಿಚಾರಗಳು. ನಮ್ಮ ಮನೆಗಳ ಮಕ್ಕಳೇ ಬೆಂಗಳೂರಿನಲ್ಲಿ ಆ ಕುರ್ಚಿಗಳಲ್ಲಿ ಕುಳಿತಿದ್ದಾರೆ.

ಟ್ರಸ್ಟುಗಳ ಪದಾಧಿಕಾರಿಗಳು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ವಿಷಯಗಳನ್ನು ಬರೆಸಿಕೊಳ್ಳಲಿ: ಯಾವ ಕೆಲಸ ಯಂತ್ರದ್ದು, ಯಾವುದು ಮನುಷ್ಯನದು, ತಪ್ಪಾದರೆ ನಷ್ಟ ಭರಿಸುವವರು ಯಾರು, ದಾನಿಗಳ ವಿವರಗಳು ಎಲ್ಲಿ ಉಳಿಯುತ್ತವೆ. ಉತ್ತರ ಲಿಖಿತವಾಗಿ ಬರುವವರೆಗೆ ಗುಮಾಸ್ತನ ಖಾತೆ ಪುಸ್ತಕವೇ ಮುಂದುವರಿಯಲಿ.