ಕೆಂಪು ಪೆಟ್ಟಿಗೆಯ ಬೆಲೆ

ಹಲಸೂರಿನ ಸೋಮೇಶ್ವರನ ಗುಡಿಗೆ ಸಮೀಪದಲ್ಲಿ, ನಮ್ಮ ಮನೆಯಿಂದ ಎರಡು ಮನೆಗಳಾಚೆ, ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದಾರೆ. ಬೀದಿಯವರಿಗೆಲ್ಲ ಅವರು ಟೀಚರಮ್ಮ. ಕಳೆದ ಮಳೆಗಾಲದಲ್ಲಿ ಅವರ ಮನೆಯ ತಾರಸಿ ಸೋರಿ, ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಹಳೆಯ ಪಾಠಟಿಪ್ಪಣಿಗಳು, ಕಿಲುಬು ಹಿಡಿದ ಕೊಳದಪ್ಪಲೆ, ಇವುಗಳ ನಡುವೆ ಕೆಂಪು ಬಣ್ಣದ ರಟ್ಟಿನ ಪೆಟ್ಟಿಗೆಯೊಂದೂ ನಾಲ್ಕಾರು ಇಂಗ್ಲಿಷ್ ಪುಸ್ತಕಗಳೂ ದೊರೆತವು. ಹೆಚ್ಚಿನ ವ್ಯಾಸಂಗಕ್ಕೆಂದು ಅಮೆರಿಕೆಗೆ ಹೋಗಿದ್ದ ಅವರ ತಮ್ಮ ಹಿಂದಿರುಗುವಾಗ ತಂದವು ಅವು. ತಮ್ಮ ತೀರಿಕೊಂಡು ಎಂಟು ವರ್ಷಗಳಾದವು.

"ರಾಯರೆ, ಇಂಥ ಆಟದ ಪೆಟ್ಟಿಗೆಯೊಂದು ಲಕ್ಷಗಟ್ಟಲೆಗೆ ಹೋಯಿತೆಂದು ನನ್ನ ಮೊಮ್ಮಗ ಎಲ್ಲಿಯೋ ಓದಿದನಂತೆ. ತಾರಸಿಗೆ ಗಾರೆಯವನು ಅರವತ್ತು ಸಾವಿರ ಕೇಳುತ್ತಿದ್ದಾನೆ. ತಾವು ನಾಲ್ಕು ಜನರನ್ನು ಬಲ್ಲವರು, ಸ್ವಲ್ಪ ವಿಚಾರಿಸಿ ನೋಡುತ್ತೀರಾ?" ಎಂದರು ಟೀಚರಮ್ಮ.

ವಿಚಾರಿಸಿದೆ. ಒಂದು ತಿಂಗಳು ಅದೇ ಕೆಲಸವಾಯಿತು.

ಪೆಟ್ಟಿಗೆಯ ಮೇಲೆ ಬಾಯ್ತೆರೆದ ಕೆಂಪು ಘಟಸರ್ಪ, ಅದರೆದುರು ಕತ್ತಿ ಹಿರಿದ ವೀರ. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಇದನ್ನು ಹೇಗೆ ಆಡುವರೆಂಬುದನ್ನು ನಮ್ಮವರಿಗೆ ತಿಳಿಸುವುದು ಕಷ್ಟವೇನಲ್ಲ. ತಾಳಮದ್ದಳೆಯಲ್ಲಿ ವೇಷಭೂಷಣಗಳಿಲ್ಲದೆ ಕುಳಿತಲ್ಲಿಯೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗುತ್ತಾನೆ. ಮಾತು ಆಶುವಾಗಿ ಹೊರಡುತ್ತದೆ. ಇಲ್ಲಿಯೂ ಹಾಗೆಯೇ. ಭಾಗವತರ ಸ್ಥಾನದಲ್ಲಿ ಒಬ್ಬ ಸೂತ್ರಧಾರ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ವ್ಯತ್ಯಾಸವಿಷ್ಟೆ: ಕರ್ಣ ಸಾಯುವನೆಂಬುದು ನಮಗೆ ಮೊದಲೇ ಗೊತ್ತು, ಇಲ್ಲಿ ಅದನ್ನು ದಾಳ ನಿರ್ಣಯಿಸುತ್ತದೆ. ಆ ದಾಳಗಳಾದರೂ ನಮ್ಮ ಪಗಡೆಯವಲ್ಲ. ನಾಲ್ಕು ಮುಖದ್ದರಿಂದ ಇಪ್ಪತ್ತು ಮುಖದ್ದರವರೆಗೆ ಆರು ಬಗೆ.

ಮೊಮ್ಮಗ ಓದಿದ್ದು ಸುಳ್ಳಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ ಮೊದಲು ಹೊರಬಂದದ್ದು 1974ರಲ್ಲಿ. ಆಗ ಅಚ್ಚಾದದ್ದು ಕೇವಲ 1,000 ಪ್ರತಿ. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ, ಮರದ ಗೆರೆಗಳಂತೆ ಕಾಣುವ ಕಾಗದ ಅಂಟಿಸಿದ ಪೆಟ್ಟಿಗೆಗಳಲ್ಲಿ ಮೂರು ಮೂರು ಕಿರುಹೊತ್ತಗೆಗಳನ್ನಿಟ್ಟು, ಮನೆಮಂದಿಯೇ ಕೈಯಾರೆ ಜೋಡಿಸಿದರು. ಬೆಲೆ 10 ಡಾಲರು. ಆ ಸಾವಿರದಲ್ಲಿ ಉಳಿದುಕೊಂಡ ಪ್ರತಿಗಳಿಗೆ ಇಂದು ಸಾವಿರಾರು ಡಾಲರು ಕೊಡುವವರಿದ್ದಾರೆ.

ಟೀಚರಮ್ಮನವರ ಪೆಟ್ಟಿಗೆ 1983ರದು. ಅಷ್ಟರಲ್ಲಿ ಆ ಆಟ ಅಮೆರಿಕದ ಆಟಿಕೆ ಅಂಗಡಿಗಳಲ್ಲೆಲ್ಲ ಹರಡಿ, ಪರಭಾಷೆಗಳಿಗೂ ಹೋಗಿತ್ತು. ಕೆಂಪು ಪೆಟ್ಟಿಗೆಗಳು ರಾಶಿರಾಶಿಯಾಗಿ ಅಚ್ಚಾದವು. ಹೆಸರು ಒಂದೇ, ಆಟ ಒಂದೇ. ಆದರೆ ಒಂದಕ್ಕೆ ಲಕ್ಷ, ಇನ್ನೊಂದಕ್ಕೆ ಕೆಲವು ಸಾವಿರ. ಇದನ್ನು ಹೇಳಲು ಹೋದಾಗ ಆಕೆಯ ಮುಖ ಸ್ವಲ್ಪ ಬಾಡಿತು. ನನಗೂ ಹೇಳಬೇಕಾಗಿತ್ತೇ ಎನಿಸಿತು.

ಹಳೆಯ ವಸ್ತು ಎಂದಮಾತ್ರಕ್ಕೆ ಬೆಲೆ ಬರುವುದಿಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅಮರ ಚಿತ್ರ ಕಥೆಯ ವಿಚಾರವನ್ನೇ ನೋಡಿ. ಆ ಮಾಲೆ ಮೊದಲು ಕಣ್ತೆರೆದದ್ದು ಕನ್ನಡದಲ್ಲಿ, ಇದೇ ಬೆಂಗಳೂರಿನಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಸಾಹಸವದು. ಮೊದಲ ಪುಸ್ತಕಗಳು ಪಾಶ್ಚಾತ್ಯ ಕಿನ್ನರಕಥೆಗಳು. ಆದುದರಿಂದಲೇ ಇಂಗ್ಲಿಷಿನ 'ಕೃಷ್ಣ' ಮಾಲೆಯ ಮೊದಲನೆಯದೆಂದು ಜನ ಭಾವಿಸಿದರೂ ಅದರ ಸಂಖ್ಯೆ 11. ಆ ಕನ್ನಡ ಪುಸ್ತಕಗಳನ್ನು ಜೋಪಾನ ಮಾಡಿದವರೆಷ್ಟು ಮಂದಿ? ನಮ್ಮ ಮನೆಗಳಲ್ಲಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಎದುರುಮನೆಯ ಹುಡುಗನಿಗೆ ಹೋಗಿ, ಹೊದಿಕೆ ಹರಿದು, ಕೊನೆಗೆ ಕಡಲೆಕಾಯಿಯ ಪೊಟ್ಟಣವಾದವು. ಮಕ್ಕಳು ಪ್ರೀತಿಯಿಂದ ಓದಿ ಹಾಳುಮಾಡಿದ್ದರಿಂದಲೇ ಉಳಿದೊಂದೆರಡಕ್ಕೆ ಈಗ ಕೇಳುವವರು. ಅರವತ್ತು ವರ್ಷ ಹಳೆಯದಾದ ಶಾಲಾ ವ್ಯಾಕರಣ ಪುಸ್ತಕಕ್ಕಾದರೋ ಗುಜರಿಯವನ ತಕ್ಕಡಿಯೇ ಗತಿ.

ತಕ್ಕಡಿಯೆಂದೆನಲ್ಲವೆ? ಇಂಥ ಪದಾರ್ಥಗಳಿಗೆ ನಮ್ಮ ದಂಡಿನ ಪ್ರದೇಶದಲ್ಲಿ ಮೂರು ಬೆಲೆಗಳುಂಟು. ಶಿವಾಜಿನಗರದ ಗುಜರಿಯಲ್ಲಿ ಕಿಲೋ ಲೆಕ್ಕ. ಅಲ್ಲಿ ಕಾಳಿದಾಸನೂ ಟೆಲಿಫೋನು ಡೈರೆಕ್ಟರಿಯೂ ಸಮಾನರು. ಎರಡನೆಯದು ಹಳೆಯ ಪುಸ್ತಕದಂಗಡಿಯ ಬೆಲೆ. ಈ ಭಾಗಕ್ಕೆ ಅದರ ಪರಂಪರೆ ದೊಡ್ಡದು: ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್ ಪುಸ್ತಕದಂಗಡಿ 1945ರಷ್ಟು ಹಳೆಯದು, ಮಹಾತ್ಮಾ ಗಾಂಧಿ ರಸ್ತೆಯ ಕಾಲುದಾರಿಯಲ್ಲಿ ಪುಸ್ತಕ ಹರಡಿಕೊಂಡು ಮಾರುತ್ತಿದ್ದ ಮಾಯಿಗೌಡರು ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ತೆರೆದದ್ದು 2002ರಲ್ಲಿ. ಅಂಗಡಿಯವನು ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ದೊಡ್ಡ ಅಂತರವಿರಲೇಬೇಕು. ಗಿರಾಕಿ ನಾಳೆ ಬಂದಾನೋ ನಾಲ್ಕು ವರ್ಷಕ್ಕೆ ಬಂದಾನೋ, ಅಲ್ಲಿಯವರೆಗೆ ಬಾಡಿಗೆಯನ್ನೂ ಧೂಳನ್ನೂ ಸಹಿಸಬೇಕಾದವನು ಅವನು. ಮೂರನೆಯದು ಸಂಗ್ರಾಹಕನ ಬೆಲೆ. ಅವನಿಗೆ ಆ ವಸ್ತುವೇ ಬೇಕು, ಆ ಮುದ್ರಣವೇ ಬೇಕು. ಅಂಥವನು ಸಿಕ್ಕಿದರೆ ಉಂಟು. ಇಲ್ಲದಿದ್ದರೆ ಎರಡನೆಯ ಬೆಲೆಗೆ ಇಳಿಯಬೇಕು.

ಅಂತರಜಾಲದ ಪೇಟೆಯಲ್ಲಿ ಬರೆದಿರುವ ಅಂಕೆಗಳನ್ನು ಕಂಡು ಮರುಳಾಗುವವರೇ ಹೆಚ್ಚು. ರಸಲ್ ಮಾರುಕಟ್ಟೆಯಲ್ಲಿ ಹೂವಿನವಳು ಇನ್ನೂರು ಎಂದದ್ದು ಎಂಬತ್ತಕ್ಕೆ ಇಳಿಯುವುದನ್ನು ಬಲ್ಲ ಜನ, ಗಾಜಿನ ಪರದೆಯ ಮೇಲೆ ಐನೂರು ಡಾಲರೆಂದಿದ್ದರೆ ವೇದವಾಕ್ಯವೆಂದು ನಂಬುತ್ತಾರೆ! ಕೇಳಿದ ಬೆಲೆಯನ್ನು ಬಿಟ್ಟು, ನಿಜವಾಗಿ ಕೈಬದಲಾದಾಗ ಸಂದ ಹಣವೆಷ್ಟೆಂದು ಹುಡುಕಬೇಕು. ಅದರಲ್ಲಿಯೂ ಅಲ್ಲಿಂದಿಲ್ಲಿಗೆ ಅಂಚೆಯ ವೆಚ್ಚ, ಸುಂಕ. ಅಮೆರಿಕದ ಬೆಲೆ ಹಲಸೂರಿನ ಬೆಲೆಯಲ್ಲ.

ಇನ್ನು ಪೂರ್ಣತೆಯ ಪ್ರಶ್ನೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೆರೆದ ಗಂಜೀಫವನ್ನು ನೆನೆಯಿರಿ. ದಶಾವತಾರ ಗಂಜೀಫದ ಒಂದು ಕಟ್ಟಿನಲ್ಲಿ 120 ಎಲೆಗಳು. ಒಂದೇ ಒಂದು ಕಳೆದುಹೋದರೂ ಉಳಿದ 119 ಚಿತ್ರಗಳಷ್ಟೇ, ಆಟವಲ್ಲ. (ಅಂಥ ನೂರು ವರ್ಷ ಮೀರಿದ ಕಟ್ಟು ತಮ್ಮಲ್ಲಿದ್ದು ಪರದೇಶಕ್ಕೆ ಮಾರುವ ಯೋಚನೆಯಿದ್ದರೆ ಕೈಬಿಡಿ, 1972ರ ಪ್ರಾಚ್ಯವಸ್ತು ಕಾಯಿದೆ ಅಡ್ಡಬರುತ್ತದೆ.) ಕೆಂಪು ಪೆಟ್ಟಿಗೆಯಲ್ಲಿ ಎರಡು ಹೊತ್ತಗೆ, ಆರು ದಾಳ, ಅವುಗಳ ಅಂಕೆಗೆ ಬಣ್ಣ ತುಂಬಲು ಒಂದು ಮೇಣದ ಬಳಪ ಇರಬೇಕು. ಆ ಬಳಪದ ತುಂಡಿಗಾಗಿಯೂ ಚೌಕಾಸಿ ನಡೆಯುವುದೆಂದರೆ ನಂಬುತ್ತೀರಾ? ಟೀಚರಮ್ಮನವರ ಪೆಟ್ಟಿಗೆಯಲ್ಲಿ ಬಳಪ ಭದ್ರವಾಗಿತ್ತು. ದಾಳಗಳು ಮಾತ್ರ ಐದೇ. ಆರನೆಯದನ್ನು ಮೊಮ್ಮಗ ಅಂಗಳದಲ್ಲಿ ಉರುಳಿಸಿ ಕಳೆದಿದ್ದ.

ಮೂಲ ಆಟವನ್ನು ಪ್ರಕಾಶಕರೇ 2013ರಲ್ಲಿ ಮರದ ಪೆಟ್ಟಿಗೆಯಲ್ಲಿ ಪುನಃ ಹೊರತಂದರು. ಆಡುವುದಕ್ಕೆ ಅದು ಸಾಕು. ಆದರೂ ಹಳೆಯ ಪ್ರತಿಯನ್ನೇ ಬಯಸುವವರು ಕೊಳ್ಳುತ್ತಿರುವುದು ಏನನ್ನು? ನನಗೆ ಇದು ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಕೊನೆಗೆ ಇಂದಿರಾನಗರದಿಂದ ಒಬ್ಬ ತರುಣ ಬಂದ. ಗೆಳೆಯರೊಡನೆ ಪ್ರತಿ ಶನಿವಾರ ಈ ಆಟ ಆಡುವವನು. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಮೂಲೆ ಒಡೆದುದನ್ನೂ ದಾಳ ಕಡಿಮೆಯಾದುದನ್ನೂ ಎಣಿಸಿ, ಎರಡೂವರೆ ಸಾವಿರ ಎಂದ. ಅನಂತರ ಅವನ ಕಣ್ಣು ಗುಜರಿಯವನಿಗೆಂದು ಬಾಗಿಲ ಬಳಿ ಕಟ್ಟಿಟ್ಟಿದ್ದ ಪುಸ್ತಕಗಳ ಮೇಲೆ ಬಿತ್ತು. ಅದರಿಂದ ಒಂದನ್ನೆಳೆದು ಕೊನೆಯ ಪುಟವನ್ನು ನೋಡಿ, "ಆಂಟಿ, ಇದನ್ನು ಎಸೆಯುತ್ತಿದ್ದಿರಾ?" ಎಂದು ಬೆರಗಾದ.

ಅದು 1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್', ನಾನಾ ದೇಶಗಳ ದೇವತೆಗಳನ್ನು ಆಟಕ್ಕಿಳಿಸಿದ ಗ್ರಂಥ. ಮೊದಲ ಮುದ್ರಣಗಳಲ್ಲಿ 144 ಪುಟ. ಆಧುನಿಕ ಕಾದಂಬರಿಗಳಿಂದ ಎರವಲು ತಂದ ಎರಡು ದೇವಮಂಡಲಗಳನ್ನು ಆಮೇಲೆ ಕೈಬಿಟ್ಟದ್ದರಿಂದ ಪುಟಗಳು 128ಕ್ಕೆ ಇಳಿದವು. ಟೀಚರಮ್ಮನವರದು 144. ತರುಣ ಇದೊಂದಕ್ಕೇ ಏಳು ಸಾವಿರ ಕೊಡಲು ಮುಂದಾದ. ಬೇರೆಡೆ ವಿಚಾರಿಸಿದರೆ ಇನ್ನಷ್ಟು ಬಂದೀತೆಂದು ತಾನೇ ಹೇಳಿದನೆಂಬುದನ್ನು ಇಲ್ಲಿ ದಾಖಲಿಸಬೇಕು. ವ್ಯಾಪಾರದಲ್ಲಿ ಅಂಥವರು ಅಪರೂಪ.

ಟೀಚರಮ್ಮ ಕನ್ನಡಕವೇರಿಸಿ ಪುಟ ತಿರುವಿದರು. ಇಂದ್ರ, ಅಗ್ನಿ, ಯಮ, ವಿಷ್ಣು, ಎಲ್ಲರೂ ಅದರಲ್ಲಿದ್ದಾರೆ. ಒಬ್ಬೊಬ್ಬರಿಗೂ ಎಷ್ಟು ಪೆಟ್ಟು ತಿಂದರೆ ಸೋಲುವರೆಂಬ ಲೆಕ್ಕ!

"ವಿಷ್ಣುವಿಗೂ ಮಾರ್ಕ್ಸ್ ಹಾಕಿದ್ದಾರಲ್ಲಪ್ಪ! ತೆಗೆದುಕೊಂಡು ಹೋಗು" ಎಂದರು.

ಪೆಟ್ಟಿಗೆಯ ತಳದಲ್ಲಿ ಪೆನ್ಸಿಲಿನಿಂದ ತುಂಬಿದ ಪಾತ್ರಪಟ್ಟಿಯ ಹಾಳೆಯೊಂದಿತ್ತು. ಪಾತ್ರದ ಹೆಸರಿನೆದುರು ಕನ್ನಡ ಅಕ್ಷರಗಳಲ್ಲಿ 'ಮಯೂರವರ್ಮ'. ಇಂಥ ಬರವಣಿಗೆಯಿದ್ದರೆ ಸಂಗ್ರಾಹಕರು ಬೆಲೆ ಇಳಿಸುವರಂತೆ. ತನಗೆ ಮಾತ್ರ ಇದು ಬೇಕು, ಇದಕ್ಕೆ ಪ್ರತ್ಯೇಕ ಐನೂರು ಕೊಡುವೆನೆಂದ ತರುಣ. ಟೀಚರಮ್ಮ ಏನೂ ಹೇಳದೆ ಆ ಹಾಳೆಯನ್ನು ಮಡಿಸಿ ಪಂಚಾಂಗದೊಳಗಿಟ್ಟರು.

ಒಟ್ಟು ಒಂಬತ್ತೂವರೆ ಸಾವಿರ. ಗಾರೆಯವನಿಗೆ ಮುಂಗಡವಾಯಿತು, ಉಳಿದದ್ದಕ್ಕೆ ಬ್ಯಾಂಕಿನ ಠೇವಣಿ ಮುರಿಸಿದ್ದಾಯಿತು. ಮೊನ್ನೆ ತುಳಸಿಕಟ್ಟೆಯ ಬುಡದಲ್ಲಿ ಆರನೆಯ ದಾಳ ಸಿಕ್ಕಿದೆ. ಇಂದಿರಾನಗರದ ಕಡೆ ಹೋಗುವಾಗ ಆ ಹುಡುಗನಿಗೆ ತಲಪಿಸಬೇಕೆಂದು ನನ್ನ ಕೈಗೆ ಕೊಟ್ಟಿದ್ದಾರೆ. ಇನ್ನೂ ಜೇಬಿನಲ್ಲೇ ಇದೆ.