ನಡುರಾತ್ರಿಯಲ್ಲಿ ಬಾಗಿಲಿಗೆ ಬರುವವರು ಯಾರು?



ಹೊಡೆತ ತಿಂದ ಹೆಣ್ಣುಮಗಳು ಪೊಲೀಸರಿಗೆ ದೂರು ಕೊಡಬೇಕು ಎಂದು ನಾವು ಸಭೆ ಸಭೆಯಲ್ಲೂ ಹೇಳುತ್ತೇವೆ. ಆದರೆ ಠಾಣೆ ಎಷ್ಟು ದೂರ, ಆ ಹೊತ್ತಿನಲ್ಲಿ ಬಸ್ಸು ಇದೆಯೇ, ಕೈಯಲ್ಲಿ ಕಾಸು ಇದೆಯೇ, ಮಲಗಿರುವ ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗುವುದು ಎಂಬ ಪ್ರಶ್ನೆಗಳಿಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿಲ್ಲ. ಕಾನೂನು ಎಷ್ಟೇ ಒಳ್ಳೆಯದಿದ್ದರೂ ಅದನ್ನು ಹೊತ್ತು ತಂದು ಹೊಸ್ತಿಲ ಮೇಲೆ ನಿಲ್ಲುವ ಒಬ್ಬ ಮನುಷ್ಯ ಬೇಕು. ರಸ್ತೆಯೇ ಇಲ್ಲದ ಹಳ್ಳಿಗಳಲ್ಲಿ ಆ ಮನುಷ್ಯನ ಪಾಡೇನು, ಅವನನ್ನು ನಂಬಿದ ಹೆಂಗಸರ ಪಾಡೇನು ಎಂಬುದನ್ನು ಈ ಸಲ ನೋಡೋಣ. ಇದು ಅಮೆರಿಕದ ಅಲಾಸ್ಕಾ ರಾಜ್ಯದ ಮಾತು. ದೂರದ ಊರಿನ ಕಥೆ ನಮಗೇಕೆ ಎನ್ನಬೇಡಿ. ಓದುತ್ತಾ ಹೋದರೆ ನಮ್ಮ ಊರೂ ಅದರಲ್ಲಿ ಕಾಣುತ್ತದೆ.

ಅಲಾಸ್ಕಾ ನಮ್ಮ ಕರ್ನಾಟಕದ ಸುಮಾರು ಒಂಬತ್ತರಷ್ಟು ದೊಡ್ಡದು. ಅಲ್ಲಿನ ಜನಸಂಖ್ಯೆ ಮಾತ್ರ 2020ರ ಗಣತಿಯಂತೆ 7 ಲಕ್ಷ 33 ಸಾವಿರ. ಯೂಪಿಕ್, ಇನ್ಯೂಪಿಯಾಕ್, ಅಥಾಬಾಸ್ಕನ್ ಮುಂತಾದ ಮೂಲನಿವಾಸಿಗಳ ಹಳ್ಳಿಗಳು ಅಲ್ಲಿ ನೂರಾರು. ಬಹುಪಾಲು ಹಳ್ಳಿಗಳಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಉಳಿದಂತೆ ಪುಟ್ಟ ವಿಮಾನ. ರಾಜ್ಯದ ಪೊಲೀಸರು ದೂರದ ಪಟ್ಟಣದಿಂದ ಹಾರಿ ಬರಬೇಕು. ಹವೆ ಕೆಟ್ಟರೆ ಆ ವಿಮಾನವೂ ಇಲ್ಲ. ಗಂಡನ ಹೊಡೆತಕ್ಕೆ ಸಿಕ್ಕ ಹೆಂಗಸು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು.

ಇದಕ್ಕೆ ಪರಿಹಾರವೆಂದು 1970ರ ದಶಕದ ಕೊನೆಯಲ್ಲಿ ಒಂದು ಹುದ್ದೆಯನ್ನು ಹುಟ್ಟುಹಾಕಿದರು. ಅದೇ ಗ್ರಾಮ ಸುರಕ್ಷತಾ ಅಧಿಕಾರಿ. ಸಂಬಳದ ಹಣ ರಾಜ್ಯ ಸರ್ಕಾರದ್ದು, ನೇಮಕ ಮೂಲನಿವಾಸಿಗಳ ಪ್ರಾದೇಶಿಕ ಸಂಸ್ಥೆಗಳದ್ದು, ತರಬೇತಿ ಸಿಟ್ಕಾ ಎಂಬ ಊರಿನ ಪೊಲೀಸ್ ಶಾಲೆಯಲ್ಲಿ. ಮನೆಗೆ ಬೆಂಕಿ ಬಿದ್ದರೆ ನಂದಿಸುವವರು ಇವರೇ. ಎದೆನೋವು ಬಂದರೆ ಮೊದಲ ಚಿಕಿತ್ಸೆ ಇವರದೇ. ಬೇಟೆಗೆ ಹೋದವರು ಹಿಮದಲ್ಲಿ ಕಳೆದುಹೋದರೆ ಹುಡುಕುವವರು, ನದಿಯಲ್ಲಿ ದೋಣಿ ಮಗುಚಿದರೆ ಓಡುವವರು ಇವರೇ. ಕುಡಿದು ಬಂದು ಹೆಂಡತಿಗೆ ಹೊಡೆಯುವವನ ಎದುರು ನಿಲ್ಲಬೇಕಾದವರೂ ಇವರೇ. ಜೊತೆಗೆ ಇನ್ನೊಬ್ಬ ಪೇದೆ ಇಲ್ಲ. ಕೆಲಸದ ಹೊತ್ತು ಮುಗಿಯಿತೆಂದು ಬಾಗಿಲು ಹಾಕಿಕೊಳ್ಳುವಂತಿಲ್ಲ. ಇರಲು ಸರಿಯಾದ ಮನೆಯೂ ಸಿಗದ ಹಳ್ಳಿಗಳುಂಟು.

ಅಷ್ಟೇ ಅಲ್ಲ, ಬಹಳ ಕಾಲ ಇವರ ಕೈಯಲ್ಲಿ ಬಂದೂಕು ಇರಲಿಲ್ಲ, ಬೇಟೆಯೇ ಬದುಕಾದ ಆ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಬಂದೂಕು. 1986ರಲ್ಲಿ ಸೌತ್ ನಾಕ್ನೆಕ್ ಎಂಬಲ್ಲಿ ಮನೆಜಗಳದ ಕರೆಗೆ ಓಡಿಹೋದ ಅಧಿಕಾರಿ ಗುಂಡಿಗೆ ಬಲಿಯಾದರು. 2013ರಲ್ಲಿ ಮನೋಕೋಟಾಕ್ ಎಂಬ ಹಳ್ಳಿಯಲ್ಲಿ ಇನ್ನೊಬ್ಬರು ಗುಂಡಿಗೆ ಬಲಿಯಾದರು. ಅದಾದ ಮೇಲೆ, 2014ರಲ್ಲಿ, ಇವರು ತರಬೇತಿ ಪಡೆದು ಆಯುಧ ಹಿಡಿಯಲು ಕಾನೂನು ಅವಕಾಶ ಕೊಟ್ಟಿತು. ಮನೆಯೊಳಗಿನ ಹಿಂಸೆಯನ್ನು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ನಗೆಯಾಡುವವರು ಈ ಸಾವುಗಳನ್ನು ನೆನೆಯಬೇಕು. ಬಿಡಿಸಲು ಹೋದ ಸರ್ಕಾರಿ ಅಧಿಕಾರಿಯ ಜೀವವನ್ನೇ ತೆಗೆಯುವ ಹಿಂಸೆ ಅದರೊಳಗೆ ದಿನವೂ ಬದುಕುವ ಹೆಂಗಸನ್ನು ಏನು ಮಾಡೀತು?

ಈ ಕೆಲಸದಲ್ಲಿ ಅಧಿಕಾರಿ ಊರಿನವರೇ ಆಗಿದ್ದರೆ ಅದರಿಂದ ಬಲವೂ ಉಂಟು, ತೊಡಕೂ ಉಂಟು. ಊರಿನವರಾದರೆ ಭಾಷೆ ಗೊತ್ತು, ಯಾರು ಯಾವಾಗ ಕುಡಿಯುತ್ತಾರೆ, ಯಾವ ಮನೆಯಲ್ಲಿ ಮಕ್ಕಳು ಹೆದರಿ ಕೂತಿರುತ್ತಾರೆ ಎಂಬುದೆಲ್ಲ ಗೊತ್ತು. ಆದರೆ ಕೆಲವೇ ನೂರು ಜನರ ಊರಿನಲ್ಲಿ ಹೊಡೆದವನು ಅಧಿಕಾರಿಗೆ ಸೋದರಮಾವನೋ, ಭಾವನೋ, ಜೊತೆಗೆ ಬೇಟೆಯಾಡಿದ ಗೆಳೆಯನೋ ಆಗಿರುತ್ತಾನೆ. ರಾತ್ರಿ ಹಿಡಿದವನನ್ನು ಮರುದಿನ ಅಂಗಡಿಯಲ್ಲಿ ನೋಡಬೇಕು. ಹೊರಗಿನವರು ಬಂದರೆ ಈ ಮುಲಾಜು ಇಲ್ಲ, ಆದರೆ ಅವರು ಬಹಳ ದಿನ ನಿಲ್ಲುವುದಿಲ್ಲ.

ಹುದ್ದೆ ಕಾಗದದ ಮೇಲೆ ಇದ್ದರೆ ಸಾಲದು. 2012ರ ಸುಮಾರಿಗೆ ನೂರರಷ್ಟಿದ್ದ ಈ ಅಧಿಕಾರಿಗಳು 2019ರ ಹೊತ್ತಿಗೆ ನಲವತ್ತರ ಆಸುಪಾಸಿಗೆ ಇಳಿದಿದ್ದರು. ಆ ವರ್ಷ ‘ಆಂಕರೇಜ್ ಡೈಲಿ ನ್ಯೂಸ್’ ಪತ್ರಿಕೆ ‘ಪ್ರೊಪಬ್ಲಿಕಾ’ ಎಂಬ ಸುದ್ದಿಸಂಸ್ಥೆಯ ಜೊತೆ ಸೇರಿ ಹಳ್ಳಿ ಹಳ್ಳಿಯ ಲೆಕ್ಕ ತೆಗೆಯಿತು. ಅಲಾಸ್ಕಾದ ಮೂರು ಊರುಗಳಲ್ಲಿ ಒಂದಕ್ಕೆ ಸ್ಥಳೀಯ ಪೊಲೀಸ್ ರಕ್ಷಣೆ ಯಾವ ರೂಪದಲ್ಲೂ ಇಲ್ಲ ಎಂದು ಹೊರಬಿತ್ತು. 2019ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಅಲಾಸ್ಕಾದಲ್ಲಿ ತುರ್ತು ಪರಿಸ್ಥಿತಿ ಇದೆಯೆಂದು ಘೋಷಿಸಿ 1 ಕೋಟಿ ಡಾಲರಿಗೂ ಹೆಚ್ಚು ಹಣ ಒದಗಿಸಿತು. ಆ ವರದಿಗಳಿಗೆ 2020ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಅದೇ ವರದಿಗಳಲ್ಲಿ ಎದೆ ನಡುಗಿಸುವ ಇನ್ನೊಂದು ಸಂಗತಿ ಇತ್ತು. ಬೇರೆ ದಾರಿ ಕಾಣದ ಕೆಲವು ಹಳ್ಳಿಗಳು ತಾವೇ ಪೊಲೀಸರನ್ನು ನೇಮಿಸಿಕೊಂಡಿದ್ದವು. ಸ್ಟೆಬಿನ್ಸ್ ಎಂಬ ಹಳ್ಳಿಯಲ್ಲಿ ಹೀಗೆ ನೇಮಕವಾದ ಏಳು ಮಂದಿಯೂ, ಮುಖ್ಯಸ್ಥನೂ ಸೇರಿ, ಹಿಂದಿನ ಹತ್ತು ವರ್ಷಗಳಲ್ಲಿ ಮನೆಯ ಹಿಂಸೆಯ ಅಪರಾಧವನ್ನು ಒಪ್ಪಿಕೊಂಡವರೇ ಆಗಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಯಾರಾದರೂ ಸರಿ, ಒಬ್ಬ ಪೊಲೀಸ್ ಇದ್ದರೆ ಸಾಕು ಎನ್ನುವ ಮಾತು ಹೆಂಗಸರ ಪಾಲಿಗೆ ಸುಳ್ಳು. ಯಾರನ್ನು ನೇಮಿಸುತ್ತಾರೆ, ಅವನ ಮನೆಯಲ್ಲಿ ಅವನು ಹೇಗಿದ್ದಾನೆ ಎಂದು ಕೇಳುವ ಹಕ್ಕು ನಮಗೆ ಬೇಕು.

ಅಲಾಸ್ಕಾದ ಕಾನೂನು ದುರ್ಬಲವಲ್ಲ. ಹಿಂದಿನ 12 ಗಂಟೆಗಳಲ್ಲಿ ಮನೆಯ ಹಿಂಸೆಯ ಅಪರಾಧ ನಡೆದಿದೆ ಎನ್ನಲು ಸಕಾರಣವಿದ್ದರೆ ಸಾಮಾನ್ಯವಾಗಿ ಬಂಧಿಸಲೇಬೇಕು ಎನ್ನುತ್ತದೆ ಅದು. ಆದರೆ ಬಂಧಿಸಲು ಮೊದಲು ಬಂದು ತಲುಪಬೇಕಲ್ಲ! 2020ರ ಸಮೀಕ್ಷೆಯಲ್ಲಿ ಆ ರಾಜ್ಯದ ವಯಸ್ಕ ಹೆಂಗಸರಲ್ಲಿ ಶೇಕಡಾ 57.7 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯ ಹಿಂಸೆ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದಾಗಿ ಹೇಳಿದರು.

ಹಾಗೆಂದು ಅಲ್ಲಿನ ಜನ ಕೈಕಟ್ಟಿ ಕುಳಿತಿಲ್ಲ. ತಮ್ಮ ಊರಿಗೆ ಮದ್ಯ ಬೇಡವೆಂದು ಮತ ಹಾಕಿ ನಿಷೇಧಿಸುವ ಅಧಿಕಾರ ಆ ಹಳ್ಳಿಗಳಿಗೆ 1980ರ ದಶಕದಿಂದ ಇದೆ. ಎಷ್ಟೋ ಹಳ್ಳಿಗಳು ಹಾಗೆ ಮಾಡಿವೆ. ಮದ್ಯ ನಿಷೇಧಿಸಿದ ಹಳ್ಳಿಗಳಲ್ಲಿ ಹಲ್ಲೆಯಿಂದ ಆಗುವ ಗಂಭೀರ ಗಾಯಗಳು ಕಡಿಮೆ, ಊರಿನಲ್ಲೇ ಪೊಲೀಸ್ ಇರುವ ಕಡೆಯೂ ಕಡಿಮೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಯೂಕಾನ್ ನದಿಯ ಮುಖದಲ್ಲಿರುವ ಎಮ್ಮೋನಾಕ್ ಹಳ್ಳಿಯಲ್ಲಿ ಮೂಲನಿವಾಸಿ ಹೆಂಗಸರೇ ಕಟ್ಟಿದ ಆಶ್ರಯ ಮನೆಯೂ ಇದೆ.

ಈ ಮಾತು ನಮಗೆ ಹೊಸದಲ್ಲ. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದರು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿಯ ಮದ್ಯ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ನಮ್ಮ ಸಾವಿರಾರು ಅಕ್ಕತಂಗಿಯರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು.

ಇನ್ನು ನಮ್ಮ ಬಾಗಿಲಿಗೆ ಬರುವವರು ಯಾರು? ಪಟೇಲರ, ತಳವಾರರ ಕಾಲ ಮುಗಿಯಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ರಕ್ಷಣಾಧಿಕಾರಿಯ ಕೆಲಸವನ್ನು ನಮ್ಮ ತಾಲ್ಲೂಕುಗಳಲ್ಲಿ ಸಿ.ಡಿ.ಪಿ.ಓ. ಅವರಿಗೆ ವಹಿಸಲಾಗಿದೆ. ತಾಲ್ಲೂಕಿನ ಅಂಗನವಾಡಿಗಳ ಹೊಣೆಯೂ ಅವರದೇ! ಅಲಾಸ್ಕಾದ ಆ ಒಂಟಿ ಅಧಿಕಾರಿಯಂತೆ ಇವರ ಮೇಲೂ ಹತ್ತು ಕೆಲಸಗಳ ಹೊರೆ. ಈ ಕೆಲಸಕ್ಕೆಂದೇ ಪ್ರತ್ಯೇಕ ಅಧಿಕಾರಿ, ವಾಹನ, ಸಿಬ್ಬಂದಿ ಬೇಕೆಂಬ ಬೇಡಿಕೆಯನ್ನು ನಾವು ಬಿಡಬಾರದು.

ಬೇಡಿಕೆ ಈಡೇರುವ ತನಕವೂ ಕಾನೂನು ನಮ್ಮ ಕೈಗೆ ಸ್ವಲ್ಪ ಬಲ ಕೊಟ್ಟಿದೆ. ಹಿಂಸೆ ನಡೆಯುತ್ತಿದೆ ಎಂದು ರಕ್ಷಣಾಧಿಕಾರಿಗೆ ತಿಳಿಸಲು ಹೊಡೆತ ತಿಂದವಳೇ ಆಗಬೇಕಿಲ್ಲ. ಯಾರು ಬೇಕಾದರೂ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ ಎಂದು ಕಾಯಿದೆಯ 4ನೇ ಕಲಮು ಹೇಳುತ್ತದೆ. ಹಿಂಸೆ ನಡೆಯುತ್ತಿರುವಾಗಲೇ ಸುದ್ದಿ ಮುಟ್ಟಿದರೆ ರಕ್ಷಣಾಧಿಕಾರಿ ಕೂಡಲೇ ಪೊಲೀಸರ ನೆರವು ಪಡೆಯಬೇಕೆಂದು ನಿಯಮವಿದೆ. 112 ಮತ್ತು 181 ಸಂಖ್ಯೆಗಳಿವೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇನ್ನೊಂದು ಲೆಕ್ಕ ಬರೆಯಿರಿ. ನಿಮ್ಮ ಬೀಟ್ ಪೊಲೀಸ್ ಯಾರು, ಅವರ ಫೋನ್ ನಂಬರ್ ಏನು? ಸಿ.ಡಿ.ಪಿ.ಓ. ಕಚೇರಿಯ ನಂಬರ್ ಏನು? ರಾತ್ರಿ ಹೊರಡಲು ಆಟೋ ಯಾರದು, ಅದರ ಬಾಡಿಗೆಗೆ ಸಂಘದ ಹಣದಲ್ಲಿ ಎಷ್ಟು ತೆಗೆದಿಡುವುದು? ಮಕ್ಕಳನ್ನು ಎತ್ತಿಕೊಂಡು ಓಡಿಬಂದವಳಿಗೆ ಬಾಗಿಲು ತೆರೆಯುವ ಎರಡು ಮನೆಗಳು ಯಾವುವು? ಅವಳು ನಿಮ್ಮ ಸಂಘದವಳೇ ಆಗಿರಬೇಕೆಂದಿಲ್ಲ, ನಿಮ್ಮ ಜಾತಿಯವಳೇ ಆಗಿರಬೇಕೆಂದಿಲ್ಲ. ಅಧಿಕಾರಿ ಬರುವುದಕ್ಕೆ ಒಂದು ಗಂಟೆ ಹಿಡಿಯಬಹುದು. ಆ ಒಂದು ಗಂಟೆ ಅವಳು ಒಬ್ಬಳೇ ಇರಬಾರದು.